ವಾಹನವೂ ವಿವೇಕವೂ

ಮನುಷ್ಯನು ಕೊಳ್ಳುವ ವಸ್ತುಗಳಲ್ಲಿ ಕೆಲವು ಅವನ ಮನೆಯೊಳಗೆ ಇರುವವು, ಕೆಲವು ಅವನ ಮೈಮೇಲೆ ಇರುವವು. ವಾಹನವೊಂದು ಮಾತ್ರ ಅವನನ್ನೇ ಹೊತ್ತುಕೊಂಡು ನಾಲ್ಕು ಜನರ ನಡುವೆ ಓಡಾಡುವದು. ಆದುದರಿಂದ ವಾಹನದ ಆಯ್ಕೆಯು ಬರಿಯ ವ್ಯಾಪಾರದ ಮಾತಲ್ಲ. ಯಾವನು ಯಾವ ಗಾಡಿಯನ್ನು, ಯಾರ ಹಣದಿಂದ, ಏತಕ್ಕಾಗಿ ಕೊಂಡನೆಂಬುದನ್ನು ವಿಚಾರಿಸಹೋದರೆ ಅವನ ಮನೆಯ ಸ್ಥಿತಿ, ಮನಸ್ಸಿನ ಗತಿ, ನೆರೆಹೊರೆಯವರ ವಿಷಯದಲ್ಲಿ ಅವನಿಗಿರುವ ಭಾವನೆ ಇವೆಲ್ಲವೂ ಹೊರಬೀಳುವವು. ಪುರಾಣಗಳಲ್ಲಿ ದೇವತೆಗಳಿಗೆ ವಾಹನಗಳು ನಿಯತವಾಗಿವೆ; ಗಣಪತಿಯು ಇಲಿಯನ್ನು ಬಿಟ್ಟು ಗರುಡನಿಗೆ ಆಸೆಪಟ್ಟನೆಂದು ಯಾರೂ ಹೇಳಿಲ್ಲ. ಮನುಷ್ಯನ ಮೇಲಾದರೋ ಆಯ್ದುಕೊಳ್ಳುವ ಭಾರವು ಬಿದ್ದಿದೆ. ಆಯ್ಕೆಯಿರುವಲ್ಲಿ ಧರ್ಮಾಧರ್ಮದ ಪ್ರಶ್ನೆಯು ಹುಟ್ಟದೆ ಇರದು.

ಬಾಗಲಕೋಟೆ, ಬದಾಮಿ, ಹುನಗುಂದ, ಇಳಕಲ್ಲುಗಳ ಸೀಮೆಯಲ್ಲಿ ಮೋಟಾರ್ ಸೈಕಲ್ಲು ಈಗ ಕೇವಲ ಭೋಗದ ವಸ್ತುವಾಗಿ ಉಳಿದಿಲ್ಲ. ಹಳೆಯ ಬಾಗಲಕೋಟೆಯಲ್ಲಿ ಮನೆ, ಅಂಗಡಿ, ಗುಡಿ, ಶಾಲೆಗಳು ಕಾಲ್ನಡಿಗೆಯ ಅಳತೆಯಲ್ಲಿದ್ದವು. ಆಲಮಟ್ಟಿಯ ಆಣೆಕಟ್ಟಿನ ಹಿನ್ನೀರು ಘಟಪ್ರಭೆಯ ದಂಡೆಯ ಆ ಊರಿನೊಳಕ್ಕೆ ನುಗ್ಗಿದ ಮೇಲೆ, ಮನೆಮಾರುಗಳನ್ನು ಕಳೆದುಕೊಂಡವರಿಗಾಗಿ ಸೆಕ್ಟರುಗಳೆಂಬ ವಿಶಾಲವಾದ ವಿಭಾಗಗಳುಳ್ಳ ನವನಗರವು ಕೆಲವು ಮೈಲುಗಳಾಚೆ ಎದ್ದಿತು. 1997 ರಲ್ಲಿ ಬಾಗಲಕೋಟೆಯು ಪ್ರತ್ಯೇಕ ಜಿಲ್ಲೆಯಾಯಿತು. ಓಣಿಯಿಂದ ಓಣಿಗೆ ನಡೆದು ಹೋಗುತ್ತಿದ್ದವನು ಈಗ ನಗರದಿಂದ ನಗರಕ್ಕೆ ಹೋಗಬೇಕಾಯಿತು. ಹಳ್ಳಿಯ ಶಾಲೆಗೆ ಹೋಗುವ ಉಪಾಧ್ಯಾಯನು, ಹಾಲು ಹಾಕುವವನು, ಕಲ್ಲಿನ ಗಣಿಗೆ ಹೋಗುವ ಕೂಲಿಯವನು ಇವರೆಲ್ಲರಿಗೂ ಬಸ್ಸಿನ ಹೊತ್ತು ಕೂಡಿಬರುವದಿಲ್ಲ. ಇಂಥವರಿಗೆ ಎರಡು ಗಾಲಿಯ ಗಾಡಿಯು ಅನ್ನದ ಸಾಧನವೇ ಆಗಿದೆ. ಆದಕಾರಣ ಗಾಡಿ ಬೇಕೋ ಬೇಡವೋ ಎಂಬ ಪ್ರಶ್ನೆಯು ಮುಗಿದು, ಎಂಥ ಗಾಡಿ ಬೇಕೆಂಬ ಪ್ರಶ್ನೆಯು ಮನೆಮನೆಗೆ ಬಂದಿದೆ.

ಈ ಯಂತ್ರದ ಚರಿತ್ರೆಯನ್ನು ನೋಡಿದರೆ ಅವಶ್ಯಕತೆ, ಅಭಿಲಾಷೆಗಳೆರಡೂ ಮೊದಲಿನಿಂದಲೂ ಜೊತೆಗೂಡಿಯೇ ಬಂದಿರುವದು ಕಂಡುಬರುವದು. 1885 ರಲ್ಲಿ ಜರ್ಮನಿಯ ಗೊಟ್ಲೀಬ್ ಡೈಮ್ಲರನು ಕಟ್ಟಿಗೆಯ ಚೌಕಟ್ಟಿಗೆ ಪೆಟ್ರೋಲಿನ ಯಂತ್ರವನ್ನು ಕೂಡಿಸಿದನು. ಪಕ್ಕಕ್ಕೆ ಉರುಳಬಾರದೆಂದು ಅದಕ್ಕೆ ಎರಡು ಚಿಕ್ಕ ಆಸರೆಯ ಗಾಲಿಗಳಿದ್ದವು. ಆ ಆಸರೆಯು ಕಾಲಾಂತರದಲ್ಲಿ ಹೋಗಿ, ಸಮತೋಲವನ್ನು ಕಾಯುವ ಹೊಣೆಯು ಸವಾರನ ಮೇಲೆಯೇ ಬಿದ್ದಿತು. ಭಾರತದಲ್ಲಿ 1955 ರಿಂದ ಮದರಾಸಿನಲ್ಲಿ ಎನ್‌ಫೀಲ್ಡ್ ಬುಲೆಟ್ಟು ಸಿದ್ಧವಾಗತೊಡಗಿತು. 1960-61 ರ ಸುಮಾರಿಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು ಆರಂಭವಾಗಿ, ಜಾವಾ, ಮುಂದೆ ಯೆಜ್ದಿ ಎಂಬ ಹೆಸರುಗಳು ಕನ್ನಡ ನಾಡಿನ ತರುಣರ ಬಾಯಲ್ಲಿ ನೆಲೆಗೊಂಡವು. 1985 ರಲ್ಲಿ ಹೀರೋ ಹೋಂಡಾ ಕಂಪನಿಯ 100 ಸಿ.ಸಿ. ಗಾಡಿಯು ಬಂದು, ಸ್ವಲ್ಪ ಪೆಟ್ರೋಲಿನಲ್ಲಿ ಬಹುದೂರ ಹೋಗುವ ಗುಣದಿಂದ ಮಧ್ಯಮ ವರ್ಗದ ಮನೆಗಳನ್ನು ಹೊಕ್ಕಿತು. 1996 ರಲ್ಲಿ ಮೈಸೂರಿನ ಕಾರ್ಖಾನೆಯು ನಿಂತುಹೋಯಿತು. ಮಿತವ್ಯಯವು ಗೆದ್ದಿತೆಂದು ಜನರು ತಿಳಿದರು. ಆದರೆ 2018 ರಲ್ಲಿ ಜಾವಾ ಎಂಬ ಹೆಸರೂ 2022 ರಲ್ಲಿ ಯೆಜ್ದಿ ಎಂಬ ಹೆಸರೂ ಹೊಸ ಗಾಡಿಗಳ ಮೇಲೆ ಮರಳಿ ಬಂದವು. ಕಾರ್ಖಾನೆಯು ಮುಚ್ಚಿದರೂ ಆಸೆಯು ಮುಚ್ಚಿರಲಿಲ್ಲವೆಂಬುದು ಇದರಿಂದ ಸ್ಪಷ್ಟವಾಗುವದು.

ಈಗ ಒಂದು ಉದಾಹರಣೆಯನ್ನು ವಾಚಕರು ಭಾವಿಸಿಕೊಳ್ಳಬಹುದು. ಇಳಕಲ್ಲಿನ ನೇಕಾರರ ಮನೆಯ ತರುಣನೊಬ್ಬನಿಗೆ ಹುನಗುಂದದಾಚೆಯ ಹಳ್ಳಿಯ ಶಾಲೆಯಲ್ಲಿ ಕೆಲಸವು ದೊರೆತಿದೆ. ಹೋಗಲು 20, ಬರಲು 20 ಕಿಲೋಮೀಟರು. ಅವನ ಮುಂದೆ ಎರಡು ಗಾಡಿಗಳು ನಿಂತಿವೆ. ಒಂದು 100 ಸಿ.ಸಿ. ಯದು, ಸುಮಾರು 110 ಕಿಲೋ ತೂಕದ್ದು, ನೋಡುವವರ ಕಣ್ಣಿಗೆ ಬಡಕಲಾದುದು. ಇನ್ನೊಂದು 350 ಸಿ.ಸಿ. ಯದು, 190 ಕಿಲೋಗಳನ್ನು ಮೀರಿದ ಮೈಕಟ್ಟಿನದು, ಗಂಭೀರವಾದ ದನಿಯುಳ್ಳದ್ದು, ಬೆಲೆಯಲ್ಲಿ ಮೊದಲನೆಯದರ ಇಮ್ಮಡಿಗಿಂತ ಹೆಚ್ಚಿನದು. ತಿಂಗಳಿಗೆ 1,000 ಕಿಲೋಮೀಟರಿನ ಓಡಾಟ. ಚಿಕ್ಕದು ಲೀಟರಿಗೆ 60, ದೊಡ್ಡದು 35 ಕಿಲೋಮೀಟರು ಹೋಗುವದೆಂದು ಹಿಡಿದರೆ, ದೊಡ್ಡದಕ್ಕೆ ತಿಂಗಳಿಗೆ 12 ಲೀಟರು ಪೆಟ್ರೋಲು ಹೆಚ್ಚಿಗೆ ಬೇಕು. ಲೀಟರಿಗೆ ನೂರು ರೂಪಾಯಿಯಂತೆ ಅದು 1,200 ರೂಪಾಯಿ. ಸಾಲದ ಕಂತು ಇದರ ಹೊರತು.

ಮಗ್ಗದ ಮುಂದೆ ಕುಳಿತ ತಂದೆಯು ಈ ಲೆಕ್ಕವನ್ನು ಕಾಗದದ ಮೇಲೆ ಮಾಡುವದಿಲ್ಲ. "ತಮ್ಮಾ, ಗಾಡಿ ನಿನಗ ಬೇಕು, ಖರೆ. ಆದರ ಆ ಸಾಲ ಯಾರಿಗೆ ಬೇಕಾಗೇತಿ?" ಎಂದು ಕೇಳುವನು. "ಕಂತು ನಾನ ಕಟ್ಟತೀನಿ, ಅಪ್ಪಾ" ಎಂದು ಮಗನ ಉತ್ತರ. "ಕಂತು ನೀ ಕಟ್ಟತಿ. ತಂಗಿ ಕಾಲೇಜಿನ ಫೀ ಯಾರು ಕಟ್ಟಬೇಕು?" ಎಂದು ತಂದೆಯ ಮರುಪ್ರಶ್ನೆ. ತಾಯಿಯು ಒಳಗಿನಿಂದಲೇ, "ಯಾವ ಗಾಡಿ ಆದ್ರೂ ತೊಗೊ, ಯಪ್ಪಾ. ಹೊತ್ತಿಗೆ ಸರಿಯಾಗಿ ಮನಿಗೆ ಬಾ" ಎನ್ನುವಳು. ಮೂರು ಮಾತುಗಳಲ್ಲಿ ಇಡಿಯ ಪ್ರಶ್ನೆಯು ಅಡಗಿದೆ.

ಮಗನ ಪಕ್ಷವನ್ನು ಮೊದಲು ನ್ಯಾಯವಾಗಿ ಕೇಳತಕ್ಕದ್ದು. ಸುಖವೂ ಪುರುಷಾರ್ಥಗಳಲ್ಲಿ ಸೇರಿದೆ. ಕಾಮವನ್ನು ಶಾಸ್ತ್ರಕಾರರು ಹೊರಗೆ ಹಾಕಲಿಲ್ಲ. ಚಳಿಗಾಲದ ಬೆಳಗಿನಲ್ಲಿ ಬದಾಮಿಯ ಕೆಂಪು ಬಂಡೆಗಳನ್ನು ಹಿಂದಿಟ್ಟು, ಮಲಪ್ರಭೆಯ ದಂಡೆಯ ಪಟ್ಟದಕಲ್ಲನ್ನು ನೋಡಿ, ಐಹೊಳೆಯವರೆಗೆ ಹೋಗುವ ಸವಾರನಿಗೆ ದೊರೆಯುವ ಆನಂದವು ಮೋಟಾರಿನೊಳಗೆ ಕುಳಿತವನಿಗೆ ದೊರೆಯದು. ಎರೆಯ ಹೊಲದ ಬಿಳಿಜೋಳದ ವಾಸನೆ, ಹಳ್ಳವನ್ನು ದಾಟುವಾಗ ಮುಖಕ್ಕೆ ತಾಗುವ ತಂಪು, ಗುಡ್ಡದ ತಿರುವಿನಲ್ಲಿ ಗಾಡಿಯೊಡನೆ ಮೈಯೂ ವಾಲುವ ಲಾಘವ ಇವುಗಳನ್ನು ನಿಂದಿಸುವವನು ಅವುಗಳನ್ನು ಅನುಭವಿಸದವನೇ ಸರಿ. ಮೇಲಾಗಿ ದೊಡ್ಡ ಗಾಡಿಯು ಗಾಳಿಗೆ ಅಷ್ಟಾಗಿ ಅಲುಗದು. ಹಿಂದೆ ಒಬ್ಬರು ಕುಳಿತರೂ ಏದುಸಿರು ಬಿಡದು. 2019 ರ ಏಪ್ರಿಲ್ ತಿಂಗಳಿಂದ 125 ಸಿ.ಸಿ. ಮೀರಿದ ಗಾಡಿಗಳಿಗೆ, ತಟ್ಟನೆ ಹಿಡಿದರೂ ಗಾಲಿಯು ಬಿಗಿದು ಜಾರದಂತೆ ನೋಡಿಕೊಳ್ಳುವ ಎ.ಬಿ.ಎಸ್. ಬ್ರೇಕು ಕಡ್ಡಾಯವಾಯಿತು, ಚಿಕ್ಕ ಗಾಡಿಗಳಿಗೆ ಆಗ ಎರಡು ಬ್ರೇಕುಗಳನ್ನು ಒಟ್ಟಿಗೆ ಹಿಡಿಯುವ ಏರ್ಪಾಡಷ್ಟೇ ಸಾಕೆನಿಸಿತು. ಆದುದರಿಂದ ದೊಡ್ಡದನ್ನು ಬಯಸುವವನನ್ನು ಡಂಭಾಚಾರಿಯೆಂದು ತಳ್ಳಿಹಾಕುವದು ಅನ್ಯಾಯವು.

ಹಾಗಾದರೆ ತಂದೆಯ ಪಕ್ಷವು ಬರಿಯ ಜಿಪುಣತನವೋ? ಅದೂ ಅಲ್ಲ. ಆ ಸೀಮೆಯ ದಾರಿಯ ಸ್ವರೂಪವನ್ನು ಅವನು ಬಲ್ಲನು. ಎರೆಯ ಮಣ್ಣು ಟ್ರ್ಯಾಕ್ಟರಿನ ಗಾಲಿಗಂಟಿ ಡಾಂಬರಿನ ಮೇಲೆ ಬಿದ್ದು ಒಂದು ಮಳೆಯಾದರೆ ಸಾಕು, ರಸ್ತೆಯು ಎಣ್ಣೆ ಸವರಿದಂತೆ ಆಗುವದು. ಸುಗ್ಗಿಯಲ್ಲಿ ರಸ್ತೆಯ ಅರ್ಧದಲ್ಲಿ ತೆನೆಗಳ ರಾಶಿ. ಕಬ್ಬು ಹೇರಿದ ಟ್ರ್ಯಾಕ್ಟರಿನ ಹಿಂದೆ ದೀಪವಿಲ್ಲದ ಜೋಡಿ ಟ್ರೇಲರು. ಇಳಕಲ್ಲಿನ ಹತ್ತಿರ ಗ್ರಾನೈಟಿನ ದಿಂಡು ಹೊತ್ತ ಲಾರಿಗಳು. ಹೆದ್ದಾರಿಯಲ್ಲಿ ರಾತ್ರಿಹಗಲೂ ಓಡುವ ವಾಹನಗಳು. ಬನದ ಹುಣ್ಣಿವೆಯ ಕಾಲಕ್ಕೆ ಬನಶಂಕರಿಯ ಜಾತ್ರೆಗೆ ಸಾಲುಗಟ್ಟಿ ನಡೆಯುವ ಜನರು. ಇಂಥ ದಾರಿಯಲ್ಲಿ ಗಾಡಿಗೆ ಎಷ್ಟು ಬಲವಿದೆಯೆಂಬುದಕ್ಕಿಂತ ಸವಾರನಿಗೆ ಎಷ್ಟು ತಾಳ್ಮೆಯಿದೆಯೆಂಬುದೇ ಮುಖ್ಯವು. ವೇಗವು ಇಮ್ಮಡಿಯಾದರೆ, ಬ್ರೇಕು ಹಿಡಿದ ಮೇಲೆ ಗಾಡಿಯು ನಿಲ್ಲುವದಕ್ಕೆ ಬೇಕಾಗುವ ದೂರವು ಹೆಚ್ಚುಕಡಿಮೆ ನಾಲ್ಮಡಿಯಾಗುವದೆಂಬುದು ಪದಾರ್ಥವಿಜ್ಞಾನದ ನಿಯಮವು. ಅದು ದೊಡ್ಡ ಗಾಡಿಗೂ ಚಿಕ್ಕ ಗಾಡಿಗೂ ಒಂದೇ.

ಉಭಯ ಪಕ್ಷಗಳೂ ಹೀಗೆ ಬಲವುಳ್ಳವಾಗಿರಲು ನಿರ್ಣಯಕ್ಕೆ ಆಧಾರವೇನು? ಇಲ್ಲಿ ಮಹಾಭಾರತದ ನಳೋಪಾಖ್ಯಾನವು ನೆನಪಿಗೆ ಬರುವದು. ಕನಕದಾಸರ ನಳಚರಿತ್ರೆಯಿಂದ ಕನ್ನಡಿಗರಿಗೆಲ್ಲ ಅದು ಪರಿಚಿತವೇ ಆಗಿದೆ. ಋತುಪರ್ಣರಾಜನು ಒಂದೇ ದಿನದಲ್ಲಿ ವಿದರ್ಭವನ್ನು ಮುಟ್ಟಬೇಕಾಗಿತ್ತು. ಬಾಹುಕನೆಂಬ ಹೆಸರಿನಿಂದ ಸಾರಥಿಯಾಗಿದ್ದ ನಳನು ಲಾಯಕ್ಕೆ ಹೋಗಿ, ಕೊಬ್ಬಿದ ಕುದುರೆಗಳನ್ನು ಬಿಟ್ಟು, ಕೃಶವಾದವುಗಳನ್ನು ಆಯ್ದು ತಂದನು. ಇಂಥ ಬಡಕಲು ಕುದುರೆಗಳಿಂದ ಆಗುವದೇನೆಂದು ರಾಜನು ಸಂಶಯಪಟ್ಟನು. ನಳನು ಕಣ್ಣಿಗೆ ತೋರುವ ಮೈಯನ್ನು ನೋಡಿರಲಿಲ್ಲ. ದಾರಿಯನ್ನು ತಾಳುವ ಲಕ್ಷಣಗಳನ್ನು ನೋಡಿದ್ದನು. ರಥವು ಹಾರಿದಂತೆ ಹೋಗುವಾಗ ರಾಜನ ಉತ್ತರೀಯವು ಕೆಳಗೆ ಬಿದ್ದಿತು. ಅದನ್ನು ತರಿಸಲು ನಿಲ್ಲಿಸೆಂದರೆ, ಅದು ಆಗಲೇ ಒಂದು ಯೋಜನ ಹಿಂದೆ ಉಳಿಯಿತೆಂದು ನಳನು ಹೇಳಿದನು. ವೇಗದಲ್ಲಿ ಜಾರಿದುದು ಮರಳಿ ಕೈಸೇರದು. ಆದರೆ ಅದೇ ನಳನು ಮುಂದೆ, ರಾಜನು ತಾರೆಯ ಮರದ ಎಲೆಹಣ್ಣುಗಳನ್ನು ಎಣಿಸಿ ಹೇಳಿದ ವಿದ್ಯೆಯನ್ನು ಅರಿಯುವದಕ್ಕಾಗಿ, ಅವಸರದ ನಡುವೆಯೂ ರಥವನ್ನು ನಿಲ್ಲಿಸಿದನು. ಬಟ್ಟೆಗಾಗಿ ನಿಲ್ಲದ ರಥವು ವಿದ್ಯೆಗಾಗಿ ನಿಂತಿತು. ಎಲ್ಲಿ ನಿಲ್ಲಬೇಕೆಂಬುದನ್ನು ಬಲ್ಲವನೇ ಸಾರಥಿಯು.

ನಳನಿಗೆ ಈ ವಿವೇಕವು ಹುಟ್ಟಿನಿಂದ ಬಂದುದಲ್ಲವೆಂಬುದನ್ನು ಮರೆಯಬಾರದು. ಅವನೇ ಹಿಂದೆ ಪಗಡೆಯ ಹಾಸಿನ ಮುಂದೆ ಕುಳಿತಾಗ, ಹಿತವರು ಬೇಡವೆಂದರೂ ಏಳಲಿಲ್ಲ. ದಾಳವನ್ನು ಎಸೆದವನು ನಳನು. ಅಡವಿಯಲ್ಲಿ ಅರ್ಧ ಸೀರೆಯುಟ್ಟು ಒಬ್ಬಳೇ ಅಲೆದವಳು ದಮಯಂತಿಯು. ಆಟದ ಸುಖವು ಒಬ್ಬನದಾಗಿ, ಅದರ ಬೆಲೆಯನ್ನು ಇನ್ನೊಬ್ಬಳು ತೆತ್ತಳು. ಈ ಕಥೆಯ ನೋವಿರುವದು ಇಲ್ಲಿಯೇ. ವಾಹನದ ಪ್ರಶ್ನೆಗೆ ಉತ್ತರವೂ ಇಲ್ಲಿಯೇ ಇದೆ. ಆಸೆಯು ದೊಡ್ಡದೋ ಚಿಕ್ಕದೋ ಎಂಬುದನ್ನಲ್ಲ, ಅದರ ಬೆಲೆಯನ್ನು ತೆರುವವರು ಯಾರೆಂಬುದನ್ನು ಕೇಳತಕ್ಕದ್ದು.

ಬೆಲೆಯು ಎರಡು ತೆರನಾದುದು. ಮೊದಲನೆಯದು ಮನೆಯೊಳಗೆ ತೆರುವ ಬೆಲೆ. ಕಂತಿನ ಪುಸ್ತಕದಲ್ಲಿ ಮಗನ ಹೆಸರಿದ್ದರೂ, ಆ ಹಣವು ತಂಗಿಯ ಓದಿನಿಂದ, ತಾಯಿಯ ಔಷಧದಿಂದ, ಮಗ್ಗದ ದುರಸ್ತಿಯಿಂದ ಕಳೆದುದಾಗಿದ್ದರೆ, ಗಾಡಿಯನ್ನು ಕೊಂಡವರು ಅವರೇ ಹೊರತು ಅವನಲ್ಲ. ಎರಡನೆಯದು ದಾರಿಯ ಮೇಲೆ ತೆರುವ ಬೆಲೆ. ಕೇಂದ್ರ ಸರಕಾರದ ಲೆಕ್ಕದಂತೆ 2022 ರಲ್ಲಿ ಭಾರತದ ರಸ್ತೆಗಳ ಮೇಲೆ 1,68,491 ಜನರು ಮಡಿದರು. ಅವರಲ್ಲಿ ನೂರಕ್ಕೆ 44 ಕ್ಕಿಂತ ಹೆಚ್ಚು ಜನರು ಎರಡು ಗಾಲಿಯ ಗಾಡಿಗಳ ಮೇಲಿದ್ದವರು. ಹೆಲ್ಮೆಟ್ಟು ಧರಿಸದೆ ಸತ್ತವರು ಸುಮಾರು 50,000 ಜನರು. ತನ್ನ ತಲೆ, ತನ್ನ ಇಷ್ಟವೆಂದು ಹೇಳುವವನು, ಆ ತಲೆಯೊಡನೆ ಎಷ್ಟು ಜನರ ಅನ್ನವು ಕಟ್ಟಲ್ಪಟ್ಟಿದೆಯೆಂಬುದನ್ನು ಎಣಿಸಿರುವದಿಲ್ಲ. ಇನ್ನು ಅವನ ಗಾಡಿಗೆ ಅಡ್ಡಬಂದ ಮುದುಕನೋ ಶಾಲೆಯ ಹುಡುಗನೋ ಆ ವೇಗದ ಸುಖದಲ್ಲಿ ಎಳ್ಳಷ್ಟೂ ಪಾಲು ಪಡೆದವನಲ್ಲ. ಬೆಲೆಯನ್ನು ಮಾತ್ರ ಅವನು ತೆರಬೇಕಾಗುವದು.

ಈ ಒರೆಗಲ್ಲಿಗೆ ಹಚ್ಚಿ ನೋಡಿದರೆ ಚಿಕ್ಕ ಗಾಡಿಯವನೆಲ್ಲ ಸಾಧುವಲ್ಲ, ದೊಡ್ಡ ಗಾಡಿಯವನೆಲ್ಲ ದೋಷಿಯಲ್ಲ. ಚಿಕ್ಕ ಗಾಡಿಯ ಮೇಲೆ ಮೂವರನ್ನು ಹೇರಿಕೊಂಡು, ಬರಿತಲೆಯಲ್ಲಿ, ಫೋನು ಹಿಡಿದು ಹೋಗುವವನ ಮಿತವ್ಯಯವು ಪುಣ್ಯವೆನಿಸದು. ತನ್ನ ಗಳಿಕೆಯಿಂದ, ಯಾರ ತುತ್ತನ್ನೂ ಕಸಿಯದೆ ದೊಡ್ಡದನ್ನು ಕೊಂಡು, ಕೂಡಲಸಂಗಮಕ್ಕೆ ನಿಧಾನವಾಗಿ ಹೋಗಿಬರುವವನ ಸುಖವು ಪಾಪವೆನಿಸದು.

ಉದಾಹರಣೆಯ ತರುಣನು ಏನು ಮಾಡತಕ್ಕದ್ದು? ಅವನ ಮನೆಯ ಮಗ್ಗವೇ ಇದಕ್ಕೆ ದಾರಿ ತೋರಿಸಬಲ್ಲುದು. ಇಳಕಲ್ಲ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲು ಹತ್ತಿಯದಾದರೂ ಸೆರಗು ಕೆಂಪು ರೇಶಿಮೆಯದು. ಎರಡರ ಎಳೆಗಳನ್ನೂ ಒಂದೊಂದಾಗಿ ಕೊಂಡಿಹಾಕಿ ಕೂಡಿಸುವರು. ಸೆರಗಿಲ್ಲದ ಸೀರೆಗೆ ಅಂದವಿಲ್ಲ. ಸೆರಗಿಗಾಗಿ ಒಡಲನ್ನು ಮೊಟಕುಮಾಡಿದರೆ ಅದು ಉಡುವದಕ್ಕೇ ಬಾರದು. ಸಂಸಾರದಲ್ಲಿ ಅವಶ್ಯಕತೆಯು ಒಡಲು, ಅಭಿಲಾಷೆಯು ಸೆರಗು. ತಂಗಿಯ ಓದು ಇನ್ನೂ ಮುಗಿದಿಲ್ಲ. ಒಡಲು ಇನ್ನೂ ಮಗ್ಗದ ಮೇಲಿದೆ. ಆದುದರಿಂದ ಅವನು ಈಗ ಚಿಕ್ಕ ಗಾಡಿಯನ್ನು ಕೊಳ್ಳುವದೇ ಯೋಗ್ಯವು. ಅದರೊಡನೆ ಹಿಂದೆ ಕೂಡ್ರುವವರಿಗೂ ಸೇರಿ ಐ.ಎಸ್.ಐ. ಗುರುತಿನ ಎರಡು ಹೆಲ್ಮೆಟ್ಟುಗಳನ್ನು ಕೊಳ್ಳತಕ್ಕದ್ದು. ದೊಡ್ಡ ಗಾಡಿಯ ಆಸೆಯನ್ನು ಕೊಲ್ಲಬೇಕಾದ ಕಾರಣವಿಲ್ಲ. ಅದನ್ನು ಮುಂದೂಡಿದರೆ ಸಾಕು. ಐದಾರು ವರ್ಷ ಕಾದು ಉಳಿದರೆ ಅದು ನಿಜವಾದ ಆಸೆಯು. ಅಷ್ಟರಲ್ಲಿ ಆರಿಹೋದರೆ ಅದು ಅಂಗಡಿಯ ಗಾಜಿನ ಹೊಳಪಿನಿಂದ ಹುಟ್ಟಿದುದೆಂದು ತಿಳಿಯಬಹುದು. ಅಲ್ಲಿಯವರೆಗೆ ರವಿವಾರದ ಬೆಳಗಿನಲ್ಲಿ ಐಹೊಳೆಗೆ ಹೋಗುವದನ್ನು ಯಾರೂ ಬೇಡವೆನ್ನರು. 100 ಸಿ.ಸಿ. ಯ ಗಾಡಿಯಿಂದ ಇಳಿದು ನೋಡಿದರೂ ದುರ್ಗದ ಗುಡಿಯು ಅಷ್ಟೇ ಎತ್ತರವಾಗಿ ಕಾಣುವದು.

ತಾಯಿಯು ಹೇಳಿದ ಮಾತಿನಲ್ಲಿ ಗಾಡಿಯ ಹೆಸರಿರಲಿಲ್ಲ, ಬೆಲೆಯಿರಲಿಲ್ಲ. ಮರಳಿ ಬರುವ ಹೊತ್ತೊಂದೇ ಇದ್ದಿತು. ವಾಹನವು ಹೋಗುವದಕ್ಕಾಗಿ ಹೇಗೋ ಹಾಗೆ ಮರಳುವದಕ್ಕಾಗಿಯೂ ಇದೆ. ಬಾಗಿಲಲ್ಲಿ ಕಾಯುವವರಿದ್ದಾರೆಂಬ ಅರಿವು ಯಾವ ಸವಾರನಿಗೆ ದಾರಿಯುದ್ದಕ್ಕೂ ಇರುವದೋ, ಅವನು ಯಾವ ಗಾಡಿಯ ಮೇಲೆ ಕುಳಿತರೂ ತಪ್ಪಿ ನಡೆಯಲಾರನು.