ಬಿಟ್ಟುಕೊಟ್ಟದ್ದು, ಬಿಡದೆ ಉಳಿದದ್ದು

ದೇವನಹಳ್ಳಿ ಹತ್ತಿರದ ನಮ್ಮೂರಿನಲ್ಲಿ, ತಾತನ ಮನೆಗೆ ಒಬ್ಬರು ಜೀತಕ್ಕಿದ್ದರು. ‘ಇದ್ದರು’ ಅನ್ನುವ ಬಹುವಚನ ಈಗಿನದು. ಚಿಕ್ಕವನಾಗಿದ್ದಾಗ ನಾನೂ ಅವರನ್ನು ‘ಬಾರೋ’ ಅನ್ನುತ್ತಿದ್ದೆ. ನನ್ನಪ್ಪನ ವಯಸ್ಸಿನ ಅವರು ನನ್ನನ್ನು ‘ಬುದ್ಧಿ’ ಅನ್ನುತ್ತಿದ್ದರು. ತಂಗಿಯ ಮದುವೆಗೆಂದು ಎತ್ತಿದ ಸಾಲ. ಹೊತ್ತು ಹುಟ್ಟುವ ಮುಂಚೆ ಕೊಟ್ಟಿಗೆ, ಆಮೇಲೆ ರಾಗಿ ಹೊಲ. ಎರಡು ಹೊತ್ತು ಮುದ್ದೆ, ವರ್ಷಕ್ಕೊಂದು ಕಂಬಳಿ. ಸಾಲ ಮಾತ್ರ ಹಾಗೇ ಇತ್ತು.

1975ರ ಅಕ್ಟೋಬರಿನಲ್ಲಿ ಜೀತ ರದ್ದತಿಯ ಸುಗ್ರೀವಾಜ್ಞೆ ಬಂತು, ಮರುವರ್ಷ ಕಾಯ್ದೆಯಾಯಿತು. ಜೀತದ ಸಾಲ ವಜಾ. ಊರಿನ ಕೆಲವರು ಜೀತದಾಳನ್ನೇ ‘ಸಂಬಳದಾಳು’ ಎಂದು ಕರೆದು ಸುಮ್ಮನಾದರು. ತಾತ ಹಾಗೆ ಮಾಡಲಿಲ್ಲ. ಸಾಲದ ಪತ್ರವನ್ನು ನಮ್ಮ ಮನೆಯ ಜೀತದವರ ಕೈಗೇ ಕೊಟ್ಟು ಒಲೆಗೆ ಹಾಕಿಸಿದರು. ಅವರ ಮಗನನ್ನು ಹೈಸ್ಕೂಲಿಗೆ ಸೇರಿಸಲು ತಾವೇ ಮೇಷ್ಟ್ರ ಹತ್ತಿರ ಹೋದರು. ಎಷ್ಟೋ ದಿನ ನಮ್ಮ ಜಗಲಿಗೆ ಊರವರು ಯಾರೂ ಬರಲಿಲ್ಲ.

ಅಮೆರಿಕದ ವಿಲಿಯಂ ಮಹೋನ್ ಬಗ್ಗೆ ಓದುವಾಗ ನನಗೆ ತಾತ ನೆನಪಾಗುತ್ತಾರೆ. ಮಹೋನ್ ಅಲ್ಲಿನ ಅಂತರ್ಯುದ್ಧದಲ್ಲಿ ಗುಲಾಮಗಿರಿ ಉಳಿಸಲು ಹೊರಟ ದಕ್ಷಿಣದವರ ಸೇನಾನಿ. 1864ರ ಜುಲೈ 30ರಂದು ವರ್ಜೀನಿಯಾದ ಪೀಟರ್ಸ್‌ಬರ್ಗ್‌ನಲ್ಲಿ ಆತನ ಪಡೆಯವರು ಶರಣಾದ ಕಪ್ಪು ಸೈನಿಕರನ್ನೂ ಕೊಂದರು. ಹದಿನೈದು ವರ್ಷ ಕಳೆಯಿತು. ಯುದ್ಧಕ್ಕೂ ಮುಂಚಿನ ಸಾಲದ ಬಡ್ಡಿ ಕಟ್ಟಿ ಕಟ್ಟಿ ವರ್ಜೀನಿಯಾದ ಶಾಲೆಗಳು ಬರಿದಾಗಿದ್ದವು. ಆ ಸಾಲ ತಗ್ಗಿಸಬೇಕೆಂದು ಹೊರಟ ರೀಅಡ್ಜಸ್ಟರ್ ಪಕ್ಷಕ್ಕೆ ಮಹೋನನೇ ನಾಯಕ; ಬಿಡುಗಡೆಯಾದ ಕಪ್ಪು ಜನರ ಮತವೇ ಅದರ ಬಲ. ಬಡವರನ್ನು ಮತಗಟ್ಟೆಯಿಂದ ದೂರವಿಟ್ಟಿದ್ದ ತಲೆಗಂದಾಯ ಹೋಯಿತು, ಛಡಿಯೇಟಿನ ಕಂಬ ಹೋಯಿತು. 1882ರಲ್ಲಿ, ಅದೇ ಪೀಟರ್ಸ್‌ಬರ್ಗ್ ಪಕ್ಕದಲ್ಲಿ, ಕಪ್ಪು ವಿದ್ಯಾರ್ಥಿಗಳಿಗೆಂದು ಸರ್ಕಾರಿ ಕಾಲೇಜು ಹುಟ್ಟಿತು. ಈಗದು ವಿಶ್ವವಿದ್ಯಾಲಯ.

ಆ ಕಾಲೇಜಿನ ಮೊದಲ ಅಧ್ಯಕ್ಷ ಜಾನ್ ಮರ್ಸರ್ ಲ್ಯಾಂಗ್‌ಸ್ಟನ್, ಗುಲಾಮಗಿರಿಯಿಂದ ಬಿಡುಗಡೆ ಪಡೆದ ತಾಯಿಯ ಮಗ. 1888ರಲ್ಲಿ ಅವರು ಸಂಸತ್ತಿನ ಚುನಾವಣೆಗೆ ನಿಂತಾಗ ಎದುರು ಬಿದ್ದವರಲ್ಲಿ ಮಹೋನನೂ ಇದ್ದ. ಶಾಲೆ ಕೊಟ್ಟಿದ್ದ, ಮತದ ದಾರಿ ತೆರೆದಿದ್ದ. ಕುರ್ಚಿ ಕೊಡಲು ಮನಸ್ಸು ಬರಲಿಲ್ಲ. ಲ್ಯಾಂಗ್‌ಸ್ಟನ್ ಎರಡು ವರ್ಷ ಹೋರಾಡಿ 1890ರಲ್ಲಿ ಆ ಸ್ಥಾನ ಪಡೆದರು.

ನಮ್ಮಲ್ಲಿ 1987ರಲ್ಲಿ ಮಂಡಲ ಪಂಚಾಯ್ತಿ ಚುನಾವಣೆ ಬಂತು. ತಾತ ಓದಿಸಿದ ಹುಡುಗ ಮೀಸಲಿಲ್ಲದ ಸ್ಥಾನಕ್ಕೆ ಅರ್ಜಿ ಹಾಕಿದ. ತಾತ ಜಗಲಿಯ ಕಂಬಕ್ಕೆ ಒರಗಿ ಕೂತು ಒಂದೇ ಮಾತು ಅಂದದ್ದು: “ಓದ್ಸಿದ್ದು ಇದಕ್ಕಾ?” ಆಮೇಲೆ ಮನೆಮನೆಗೆ ಹೋಗಿ ಬೇರೆಯವನಿಗೆ ಮತ ಕೇಳಿದರು.

ಪತ್ರ ಒಲೆಗೆ ಹಾಕಿಸಿದ ಕೈಯೂ ಅದೇ. ಆ ದಿನದ ತಾತನನ್ನು ಸುಳ್ಳೆನ್ನಲು ನನ್ನಿಂದ ಆಗದು. ಮೇಲೆ ನಿಂತು ಕೈಚಾಚುವುದು ತಾತನಿಗೆ ಸಲೀಸಾಗಿತ್ತು. ಕೈ ಹಿಡಿದು ಮೇಲೆ ಬಂದವನು ಪಕ್ಕದಲ್ಲೇ ಕೂತಾಗ ಸರಿದು ಜಾಗ ಕೊಡುವುದಿತ್ತಲ್ಲ, ಅದು ಆಗಲಿಲ್ಲ.

ತಾತ ಹೋದ ಮೇಲೆ, ಹೊಲವಿದ್ದ ಕಡೆ ವಿಮಾನದ ಸದ್ದು ಕೇಳತೊಡಗಿದ ಮೇಲೆ, ಜೀತಕ್ಕಿದ್ದ ಆ ಹಿರಿಯರನ್ನು ಅವರ ಮನೆಯಲ್ಲೇ ಕೇಳಿದೆ: “ತಾತ ಒಳ್ಳೇರಾ?”

“ಒಳ್ಳೇರೇ ಬುದ್ಧಿ.”

“ಚುನಾವಣೇಲಿ?”

ಬಹಳ ಹೊತ್ತು ಅಂಗಳ ನೋಡುತ್ತಾ ಕೂತರು.

“ನನ್ ಮಗ ಗೆದ್ದ ಕಣಪ್ಪ,” ಅಂದರು.