ಗಲ್ಲಾಪೆಟ್ಟಿಗೆಯ ಮುಂದೆ ಸಾಮಾಯಿಕ

ಅಹಿಂಸಾಣುವ್ರತವನ್ನು ಸ್ವೀಕರಿಸಿದ ಶ್ರಾವಕನು ಇರುವೆಯನ್ನೂ ತುಳಿಯದಂತೆ ನಡೆಯುತ್ತಾನೆ. ನೀರನ್ನು ಸೋಸಿ ಕುಡಿಯುತ್ತಾನೆ. ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುತ್ತಾನೆ. ಆದರೆ ಅವನ ಅಂಗಡಿಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ದುಡಿಯುವ ನೌಕರನ ಮನಸ್ಸು ನೊಂದರೆ, ಆ ನೋವು ವ್ರತದ ಲೆಕ್ಕಕ್ಕೆ ಬರುತ್ತದೆಯೇ? ವರ್ತಕ ಸಮಾಜವು ಸಮಾಧಾನವಾಗಿ ಕುಳಿತು ವಿಚಾರ ಮಾಡಬೇಕಾದ ಪ್ರಶ್ನೆಯಿದು.

ಉತ್ತರಕ್ಕಾಗಿ ಬಹುದೂರ ಹೋಗಬೇಕಾಗಿಲ್ಲ. ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ: ಬಂಧ, ವಧ, ಛೇದ, ಅತಿಭಾರಾರೋಪಣ ಮತ್ತು ಅನ್ನಪಾನನಿರೋಧ. ಕಟ್ಟಿಹಾಕುವುದು, ಹೊಡೆಯುವುದು, ಅಂಗಗಳನ್ನು ಕತ್ತರಿಸುವುದು ಮೊದಲ ಮೂರು. ಶಕ್ತಿಗೆ ಮೀರಿದ ಭಾರ ಹೇರುವುದು, ಹೊತ್ತಿಗೆ ಸರಿಯಾಗಿ ಅನ್ನ ನೀರು ಸಿಗದಂತೆ ಮಾಡುವುದು ಉಳಿದ ಎರಡು. ಅತಿಭಾರವೆಂದೊಡನೆ ಕಣ್ಣ ಮುಂದೆ ಬರುವುದು ಗಾಡಿ ಎಳೆಯುವ ಎತ್ತು. ಎತ್ತಿನ ಹೆಗಲಿಗೆ ಅನ್ವಯಿಸುವ ನಿಯಮವು ಮನುಷ್ಯನ ಮನಸ್ಸಿಗೆ ಅನ್ವಯಿಸದೆಂದು ಹೇಳಲು ಯಾವ ಆಧಾರವೂ ಇಲ್ಲ.

ದಾವಣಗೆರೆಯು ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಂದಾಗಿ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿತ್ತು. ಹರಿಹರದಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್ ಯಂತ್ರಗಳು ನಾಡಿನಾಚೆಗೂ ಹೆಸರಾಗಿದ್ದವು. ಅಂದಿನ ದುಡಿಮೆಯ ಭಾರವು ತೋಳಿನಲ್ಲಿ ಕಾಣುತ್ತಿತ್ತು. ಪಾಳಿ ಮುಗಿದ ಸೈರನ್ ಕೂಗಿದರೆ ಕೆಲಸವೂ ಮುಗಿಯುತ್ತಿತ್ತು. ಆ ಗಿರಣಿಗಳ ಸದ್ದು ಅಡಗಿತು, ಆ ಕಾರ್ಖಾನೆಯೂ ಮುಚ್ಚಿತು. ಇಂದು ಬಹುಮಂದಿಯ ದುಡಿಮೆ ಅಂಗಡಿಯ ಕಟ್ಟೆಯ ಮೇಲೆ, ಗಣಕಯಂತ್ರದ ಮುಂದೆ. ಈ ಭಾರ ಕಣ್ಣಿಗೆ ಕಾಣುವುದಿಲ್ಲ.

ಹರಿಹರದಿಂದ ನಿತ್ಯ ಬಸ್ಸಿನಲ್ಲಿ ದಾವಣಗೆರೆಗೆ ಬರುವ ಒಬ್ಬ ಗುಮಾಸ್ತನನ್ನು ಕಲ್ಪಿಸಿಕೊಳ್ಳಬಹುದು. ಜವಳಿ ಅಂಗಡಿಯೊಂದರ ಲೆಕ್ಕ ಅವನ ಕೈಯಲ್ಲಿದೆ. ತಿಂಗಳ 20ನೆಯ ತಾರೀಖು ಸಮೀಪಿಸಿದಂತೆ ಜಿ.ಎಸ್.ಟಿ. ವಿವರ ಸಲ್ಲಿಸುವ ಆತುರ. ಮದುವೆಯ ಕಾಲವಾದರೆ ಲೆಕ್ಕದ ನಡುವೆ ಗಿರಾಕಿಗಳಿಗೆ ಸೀರೆಯನ್ನೂ ತೋರಿಸಬೇಕು. ಮಧ್ಯಾಹ್ನದ ಬುತ್ತಿ ನಾಲ್ಕು ಗಂಟೆಗೆ ಬಿಚ್ಚುತ್ತದೆ. ಒಂದು ಅಂಕಿ ತಪ್ಪಿದಾಗ ಯಜಮಾನರು ಗಿರಾಕಿಗಳ ಎದುರೇ ಗದರುತ್ತಾರೆ. ಮನೆ ಸೇರಿದ ಮೇಲೂ ಮೊಬೈಲಿಗೆ ಸಂದೇಶಗಳು ಬರುತ್ತಲೇ ಇರುತ್ತವೆ. ಅವನಿಗೆ ನಿದ್ರೆ ಹತ್ತದು. ನಿದ್ರೆಗೆಟ್ಟವನ ಲೆಕ್ಕ ಮರುದಿನ ಮತ್ತೆ ತಪ್ಪುತ್ತದೆ. ಇಲ್ಲಿ ಹೊಡೆತವಿಲ್ಲ, ಬಂಧನವಿಲ್ಲ. ಆದರೆ ಅತಿಭಾರಾರೋಪಣವಿದೆ, ಅನ್ನಪಾನನಿರೋಧವೂ ಇದೆ.

ಇಂತಹ ಬಳಲಿಕೆಯನ್ನು ಜಗತ್ತು ಈಗ ಗುರುತಿಸಿದೆ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕರಿಸಿದ ರೋಗವರ್ಗೀಕರಣದಲ್ಲಿ ಇದನ್ನು ಕಾಯಿಲೆಯೆಂದಲ್ಲ, ದುಡಿಮೆಗೆ ಸಂಬಂಧಿಸಿದ ವಿದ್ಯಮಾನವೆಂದು ಸೇರಿಸಿತು. ದೊಡ್ಡ ನಗರಗಳ ಕಂಪನಿಗಳು ನೌಕರರಿಗೆ ಧ್ಯಾನ ಕಲಿಸುತ್ತಿವೆ. ಜೈನರಿಗೆ ಇದು ಹೊಸದಲ್ಲ. 48 ನಿಮಿಷಗಳ ಸಾಮಾಯಿಕವು ಸಮಭಾವದ ಅಭ್ಯಾಸವೇ ಆಗಿದೆ. ತೇರಾಪಂಥದಲ್ಲಿ 1975ರಲ್ಲಿ ರೂಪುಗೊಂಡ ಪ್ರೇಕ್ಷಾಧ್ಯಾನವೂ ಅದೇ ದಾರಿಯದು. ಉಸಿರನ್ನು ಗಮನಿಸುತ್ತ ಕೆಲವು ನಿಮಿಷ ಮೌನವಾಗಿ ಕುಳಿತರೆ ಮನಸ್ಸು ಹಗುರಾಗುವುದು ಅನುಭವದ ಮಾತು.

ಆದರೆ ಇಲ್ಲೊಂದು ಸೂಕ್ಷ್ಮವಿದೆ. ಗಾಡಿಯ ಮೂಟೆಗಳನ್ನು ಇಳಿಸದೆ ಎತ್ತಿಗೆ ತಾಳ್ಮೆಯನ್ನು ಬೋಧಿಸುವುದು ದಯೆಯಲ್ಲ. ಭಾರವನ್ನು ಹಾಗೆಯೇ ಉಳಿಸಿ ನೌಕರನಿಗೆ ಧ್ಯಾನ ಮಾಡೆನ್ನುವ ಯಜಮಾನನು ತನ್ನ ದೋಷವನ್ನು ಅವನ ದೌರ್ಬಲ್ಯವೆಂದು ಬರೆದಂತಾಯಿತು. ಜಮೆಯಲ್ಲಿ ಬರೆಯಬೇಕಾದುದನ್ನು ಖರ್ಚಿನಲ್ಲಿ ಬರೆದರೆ ತಾಳೆ ಹೊಂದೀತೇ? ಮೇಲಾಗಿ, ಅನ್ಯಮತದ ನೌಕರನ ಮೇಲೆ ಧ್ಯಾನವನ್ನು ಹೇರಿದರೆ ಅದೂ ಒಂದು ಭಾರವೇ. ಒಲ್ಲೆನೆನ್ನುವ ಸ್ವಾತಂತ್ರ್ಯ ಅವನಿಗಿರಬೇಕು.

ಆದುದರಿಂದ ಸಾಮಾಯಿಕವು ಗಲ್ಲಾಪೆಟ್ಟಿಗೆಯ ಕಡೆಯಿಂದ ಆರಂಭವಾಗತಕ್ಕದ್ದು. ನೌಕರನನ್ನು ಗದರುವ ಮುನ್ನ ಯಜಮಾನನು ತನ್ನ ಕ್ರೋಧ, ಮಾನ, ಮಾಯೆ, ಲೋಭಗಳನ್ನು ಒಂದು ಗಳಿಗೆ ನೋಡಿಕೊಳ್ಳಲಿ. ಊಟದ ಹೊತ್ತು ತಪ್ಪದಿರಲಿ. ದಿನವಿಡೀ ನಿಲ್ಲುವವರಿಗೆ ಕೂರಲು ಆಸನವಿರಲಿ; ಕೇರಳವು 2018ರಲ್ಲಿ, ತಮಿಳುನಾಡು 2021ರಲ್ಲಿ ಇದನ್ನು ಕಾಯಿದೆಯಿಂದಲೇ ವಿಧಿಸಿದವು. ಅಂಗಡಿಯ ಬಾಗಿಲು ಹಾಕಿದ ಮೇಲೆ ಸಂದೇಶಗಳಿಗೂ ವಿರಾಮವಿರಲಿ. ಮದುವೆಯ ಕಾಲದಲ್ಲಿ ಇದೆಲ್ಲ ನಡೆಯದೆಂದು ವರ್ತಕನು ಹೇಳಬಹುದು. ಪೈಪೋಟಿ ಇರುವುದೂ ನಿಜ. ಆದರೆ ಗಿರಾಕಿ ಹೆಚ್ಚಿದಾಗ ಸರಕು ಹೆಚ್ಚು ತರಿಸುವವನು ಆಳನ್ನೂ ಹೆಚ್ಚಿಸಬಲ್ಲನು. ಆಗ ಲಾಭ ತುಸು ತಗ್ಗೀತು. ಪರಿಗ್ರಹಪರಿಮಾಣ ವ್ರತದ ಅರ್ಥ ಪರೀಕ್ಷೆಗೊಳಗಾಗುವುದು ಅಲ್ಲಿಯೇ.

ಪ್ರತಿವರ್ಷ ಕ್ಷಮಾವಣಿಯಂದು ಶ್ರಾವಕರು ಬಂಧುಮಿತ್ರರಲ್ಲಿ ಕ್ಷಮೆ ಯಾಚಿಸುತ್ತಾರೆ. ದೂರದ ಊರುಗಳಿಗೆ ಪತ್ರಗಳು ಹೋಗುತ್ತವೆ. ಆ ಪತ್ರಗಳ ಮೇಲೆ ವಿಳಾಸ ಬರೆಯುವವನು ಅನೇಕ ವೇಳೆ ಅಂಗಡಿಯ ಗುಮಾಸ್ತನೇ. ವರ್ಷವಿಡೀ ಹೆಚ್ಚು ಮಾತು ಕೇಳಿದವನೂ ಅವನೇ. ಈ ಬಾರಿ ಮೊದಲ ಕ್ಷಮಾಯಾಚನೆ ಅವನಲ್ಲಿ ಆಗಲಿ. ಮರುದಿನ ಅವನ ಬುತ್ತಿ ಒಂದು ಗಂಟೆಗೇ ಬಿಚ್ಚುವಂತಾಗಲಿ.