ಹೊರಗಿನಿಂದ ಬಂದ ಕೇಡು

ಪತ್ತೇದಾರಿ ಕಥೆಯೆಂದರೆ ನನಗೆ ಮೊದಲಿನಿಂದಲೂ ಒಂದು ಚಪಲ. ‘ಸ್ಟಾರ್ ಟ್ರೆಕ್’ ಎಂಬ ಅಮೆರಿಕದ ಟೆಲಿವಿಷನ್ ಮಾಲೆಯಲ್ಲಿ, ಆ ಗಗನನೌಕೆಯ ಸಾಹಸಗಳ ನಡುವೆ, ಒಂದು ಕೊಲೆಯ ಕಥೆಯೂ ಇದೆಯೆಂದು ತಿಳಿದು ಆಸೆಯಿಂದ ನೋಡಲು ಕುಳಿತೆ. ‘ವುಲ್ಫ್ ಇನ್ ದ ಫೋಲ್ಡ್’ ಎಂದು ಅದರ ಹೆಸರು. 1967ರ ಡಿಸೆಂಬರಿನಲ್ಲಿ ಪ್ರಸಾರವಾದದ್ದು. ಬರೆದವನು ರಾಬರ್ಟ್ ಬ್ಲಾಕ್.

ಆರಂಭವೇನೋ ಸೊಗಸಾಗಿದೆ. ನೌಕೆಯ ಎಂಜಿನಿಯರ್ ಸ್ಕಾಟ್ ಎಲ್ಲರಿಗೂ ಬೇಕಾದ ಸಜ್ಜನ. ಶಾಂತಿಪ್ರಿಯರ ಗ್ರಹವೊಂದಕ್ಕೆ ವಿಶ್ರಾಂತಿಗೆಂದು ಬಂದವನು, ಕೊಲೆಯಾದ ನರ್ತಕಿಯ ಬಳಿ ನೆತ್ತರು ಮೆತ್ತಿದ ಚಾಕು ಹಿಡಿದು ನಿಂತಿದ್ದಾನೆ. ಏನು ನಡೆಯಿತೆಂಬುದು ಅವನಿಗೇ ನೆನಪಿಲ್ಲ. ಹಿಂದೆ ನೌಕೆಯಲ್ಲಿ ಹೆಂಗಸೊಬ್ಬಳ ತಪ್ಪಿನಿಂದ ಸ್ಫೋಟವಾಗಿ ಅವನ ತಲೆಗೆ ಪೆಟ್ಟು ಬಿದ್ದಿತ್ತು. ಆ ಸಿಟ್ಟು ಒಳಗೆಲ್ಲೋ ಉಳಿದಿತ್ತೇ? ಒಳ್ಳೆಯವನೊಬ್ಬ ತನಗೇ ತಿಳಿಯದಂತೆ ಕೊಲೆಗಾರನಾಗಬಲ್ಲನೇ? ಇನ್ನೂ ಇಬ್ಬರು ಹೆಂಗಸರು ಸಾಯುವ ಹೊತ್ತಿಗೆ ನನಗೆ ನಿಜವಾಗಿಯೂ ಭಯವಾಗಿತ್ತು.

ಕೊನೆಗೆ ಸಿಕ್ಕ ಉತ್ತರವೇನು? ಕೊಂದದ್ದು ಒಂದು ಪಿಶಾಚಿ! ಅಂಜಿಕೆಯನ್ನೇ ಆಹಾರ ಮಾಡಿಕೊಂಡು ಗ್ರಹದಿಂದ ಗ್ರಹಕ್ಕೆ ಅಲೆಯುವ ಅದು, 1888ರಲ್ಲಿ ಲಂಡನ್ನಿನಲ್ಲಿ ‘ಜ್ಯಾಕ್ ದಿ ರಿಪ್ಪರ್’ ಆಗಿತ್ತಂತೆ. ಈಗ ತನಿಖೆಯ ಅಧಿಕಾರಿಯ ದೇಹದಲ್ಲೇ ಅಡಗಿತ್ತು. ಅಲ್ಲಿಂದ ಹಾರಿ ನೌಕೆಯ ಕಂಪ್ಯೂಟರನ್ನು ಹೊಕ್ಕಾಗ, ‘ಪೈ’ ಸಂಖ್ಯೆಯ ಕೊನೆಯ ಅಂಕಿಯನ್ನು ಕಂಡುಹಿಡಿಯೆಂದು ಆ ಯಂತ್ರಕ್ಕೆ ಹೇಳಿ ಅದನ್ನು ಹೊರಗಟ್ಟುತ್ತಾರೆ. ಕಡೆಗೆ ಅದನ್ನು ಶೂನ್ಯದಲ್ಲಿ ಚೆದುರಿಸಿಬಿಡುತ್ತಾರೆ.

ಗಗನದ ಕಥೆಯಲ್ಲಿ ಭೂತ ಬರಬಾರದೆಂದು ನನ್ನ ತಕರಾರಲ್ಲ. ಸ್ಕಾಟ್ ನಿರಪರಾಧಿಯಾದದ್ದೂ ಸಂತೋಷವೇ. ಆದರೆ ಮನುಷ್ಯನ ಕುರಿತು ಕೇಳಿದ ಪ್ರಶ್ನೆಗೆ ಪಿಶಾಚಿಯ ಕೈಯಲ್ಲಿ ಉತ್ತರ ಹೇಳಿಸಿದರೆ ಹೇಗೆ? ಲಂಡನ್ನಿನ ಆ ಬಡ ಹೆಂಗಸರನ್ನು ಕೊಂದವನು ಯಾರ ಕೈಗೂ ಸಿಗಲಿಲ್ಲ, ನಿಜ. ಸಿಗಲಿಲ್ಲವೆಂದ ಮಾತ್ರಕ್ಕೆ ಅವನು ಮನುಷ್ಯನಲ್ಲವೆಂದಾಗುವುದಿಲ್ಲ. ಸೋಜಿಗವೆಂದರೆ, 1959ರ ‘ಸೈಕೋ’ ಕಾದಂಬರಿಯಲ್ಲಿ ಕೊಲೆಗಾರನನ್ನು ಮನುಷ್ಯನ ಮನಸ್ಸಿನೊಳಗೇ ತೋರಿಸಿಕೊಟ್ಟವನು ಇದೇ ಬ್ಲಾಕ್.

ಕೇಡು ಹೊರಗಿನಿಂದ ಬಂದದ್ದೆಂದರೆ ಮನಸ್ಸಿಗೆ ಎಷ್ಟು ಹಗುರ! ಆ ಕಥೆ ನೋಡಿದ ಮರುದಿನವೇ, ಒಂದು ಲೋಟ ಕಾಫಿ ತಡವಾದದ್ದಕ್ಕೆ ನಾನು ಮನೆಯಲ್ಲಿ ಆಡಬಾರದ ಮಾತು ಆಡಿದೆ. ಆಮೇಲೆ ನಾಚಿಕೆಯಾಗಿ, “ನಾಲಗೆಯ ಮೇಲೆ ಯಾವ ಶನಿ ಕೂತಿದ್ದನೋ” ಎಂದೆ.

“ಪಾಪ, ಶನಿಯನ್ನೇಕೆ ಬೈತೀರಿ? ಮಾತಾಡಿದ್ದು ನೀವು ತಾನೆ?” ಎಂದಳು ನನ್ನಾಕೆ.

ನನ್ನ ಪತ್ತೇದಾರಿ ಅಲ್ಲಿಗೆ ಮುಗಿಯಿತು. ಅಪರಾಧಿ ಸಿಕ್ಕಿದ್ದ.